ಅಜ್ಜಿ-ತಾತನ ಜೊತೆ ಡಿಸ್ನಿಗೆ ಹೊರಟಿದ್ದೀರಾ? ಸ್ವಲ್ಪ ಕೇಳಿ

ಊರಿಂದ ಅಪ್ಪ-ಅಮ್ಮ ಅಮೆರಿಕಕ್ಕೆ ಬಂದರೆಂದರೆ ಮಕ್ಕಳು ತೋರಿಸಲೇಬೇಕೆಂದು ಹಾಕಿಕೊಳ್ಳುವ ಪಟ್ಟಿಯಲ್ಲಿ ನಯಾಗರ ಒಂದು, ಫ್ಲಾರಿಡಾದ ಡಿಸ್ನಿ ವರ್ಲ್ಡ್ ಇನ್ನೊಂದು. ಮೊಮ್ಮಕ್ಕಳಿಗೆ ಮಿಕ್ಕಿ ಬೇಕು, ಅಜ್ಜಿಗೆ ಮೊಮ್ಮಕ್ಕಳು ಬೇಕು, ತಾತನಿಗೆ ಹೊತ್ತಿಗೆ ಸರಿಯಾಗಿ ಕಾಫಿ ಬೇಕು. ಇದೆಲ್ಲ ಒಂದೇ ಸೂರಿನಡಿ ಸಿಗಬೇಕಾದರೆ ಡಿಸ್ನಿಯ ಒಳಗೇ ಇರುವ ಫೋರ್ಟ್ ವೈಲ್ಡರ್‌ನೆಸ್ ರೆಸಾರ್ಟಿನಲ್ಲಿ ಒಂದು ಕ್ಯಾಬಿನ್ ಹಿಡಿಯಿರಿ ಅಂತಲೇ ನಾನು ಹೇಳುವುದು. ಡಿಸ್ನಿ ವರ್ಲ್ಡ್ ಬಾಗಿಲು ತೆರೆದ 1971ರಲ್ಲೇ ಇದೂ ಶುರುವಾದದ್ದು. ಸುಮಾರು 750 ಎಕರೆ ಕಾಡು, ನಡುನಡುವೆ ಕ್ಯಾಬಿನ್‌ಗಳು. ಹಳೆಯವನ್ನು ತೆಗೆದು 2024ರ ಜುಲೈಯಿಂದ ಹೊಸವನ್ನು ಕೊಡುತ್ತಿದ್ದಾರೆ. ಅಡುಗೆಮನೆ ಇದೆ, ಹಾಲ್ ಇದೆ, ಹೊರಗೆ ಕೂತು ಹರಟೆ ಹೊಡೆಯಲು ಜಗಲಿಯಂಥದ್ದೂ ಇದೆ. ಬಾಡಿಗೆ ಮಾತ್ರ ಕೈ ಸುಡುತ್ತದೆ. ಆದ್ದರಿಂದ ಹೊರಡುವ ಮೊದಲು ಈ ದೊಡ್ಡಮ್ಮನ ನಾಲ್ಕು ಮಾತು ಕೇಳಿಸಿಕೊಳ್ಳಿ. ನಿಮಗೆ ಗೊತ್ತಿಲ್ಲವೆಂದಲ್ಲ, ಗಡಿಬಿಡಿಯಲ್ಲಿ ಮರೆಯುತ್ತೀರಿ, ಅಷ್ಟೇ.

ದುಡ್ಡು ಕಟ್ಟುವ ಮೊದಲು

• ತಲೆ ಎಣಿಸಿ. ಒಂದು ಕ್ಯಾಬಿನ್ನಿಗೆ ಆರು ಜನ. ಕೋಣೆಯಲ್ಲಿ ಒಂದು ದೊಡ್ಡ ಮಂಚ, ಒಂದರ ಮೇಲೊಂದಿರುವ ಬಂಕ್ ಮಂಚ, ಹಾಲ್‌ನಲ್ಲಿ ಗೋಡೆಯಿಂದ ಕೆಳಗಿಳಿಸುವ ಇನ್ನೊಂದು ಹಾಸಿಗೆ. "ಇನ್ನಿಬ್ಬರು ಕೆಳಗೆ ಚಾಪೆ ಹಾಸಿಕೊಂಡು ಮಲಗಿದರಾಯಿತು" ಅನ್ನುವ ಮದುವೆಮನೆ ಲೆಕ್ಕ ಅಲ್ಲಿ ನಡೆಯುವುದಿಲ್ಲ.

• ಬೀಗರೂ ಜೊತೆಗೆ ಬರುತ್ತಾರೆ ಅಂದರೆ ಎರಡು ಕ್ಯಾಬಿನ್ ತೆಗೆದುಕೊಳ್ಳಿ, ಅಕ್ಕಪಕ್ಕದಲ್ಲೇ ಬೇಕೆಂದು ಬುಕ್ ಮಾಡುವಾಗಲೇ ಕೇಳಿ. ಇರುವುದು ಒಂದೇ ಬಚ್ಚಲು. ಒಂದು ಬಚ್ಚಲು, ಒಂದು ಒಲೆ, ಎರಡು ಮನೆಯ ಅಜ್ಜಿಯಂದಿರು. ಇಬ್ಬರೂ ದೇವರಂಥವರೇ ಇರಬಹುದು, ಆದರೂ ಮೂರನೇ ದಿನಕ್ಕೆ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಮಗ-ಸೊಸೆ ಮಧ್ಯೆ ಸಿಕ್ಕಿ ಒದ್ದಾಡುವುದಕ್ಕಿಂತ ದುಡ್ಡು ಹೋಗುವುದೇ ವಾಸಿ.

• ಹಿರಿಯರಿಗೆ ಪಾರ್ಕಿನ ಟಿಕೆಟ್ಟನ್ನು ಎಲ್ಲ ದಿನಕ್ಕೂ ತೆಗೆಯಬೇಡಿ. ಒಬ್ಬರಿಗೆ ಒಂದು ದಿನಕ್ಕೆ ನೂರು ಡಾಲರ್ ದಾಟುತ್ತದೆ, ಹಬ್ಬ-ರಜೆಯಲ್ಲಿ ಇನ್ನೂ ಮೇಲೆ. ನಾಲ್ಕು ಪಾರ್ಕಿದೆ ಅಂತ ನಾಲ್ಕಕ್ಕೂ ಎಳೆದುಕೊಂಡು ಹೋದರೆ ತಾತ ಮೂರರಲ್ಲಿ ಬೆಂಚಿನ ಮೇಲೇ ಕೂತಿರುತ್ತಾರೆ. ಮ್ಯಾಜಿಕ್ ಕಿಂಗ್‌ಡಮ್ ಒಂದು ದಿನ, ಎಪ್ಕಾಟ್ ಅಥವಾ ಅನಿಮಲ್ ಕಿಂಗ್‌ಡಮ್ ಇನ್ನೊಂದು ದಿನ, ಅವರಿಗೆ ಇಷ್ಟು ಸಾಕು. ಉಳಿದ ದಿನ ಅವರು ಕ್ಯಾಬಿನ್ನಿನಲ್ಲಿ ಇರಲಿ. ಕ್ಯಾಬಿನ್ನಿಗೆ ಅಷ್ಟು ಬಾಡಿಗೆ ಕೊಟ್ಟಿರುವುದು ಯಾಕೆ? ಅದರಲ್ಲಿ ಇರುವುದಕ್ಕೇ ಅಲ್ಲವೇ?

• ಮೂರು ತುಂಬದ ಮಗುವಿಗೆ ಟಿಕೆಟ್ಟೇ ಬೇಡ. ಹತ್ತು ತುಂಬಿದ ಮಗುವಿಗೆ ದೊಡ್ಡವರ ಟಿಕೆಟ್ಟು. ಹುಟ್ಟುಹಬ್ಬ ಹತ್ತಿರದಲ್ಲಿದ್ದರೆ ತಾರೀಕು ನೋಡಿಕೊಂಡು ಹೊರಡಿ, ಒಂದು ವಾರದ ಹಿಂದುಮುಂದಿಗೆ ದುಡ್ಡು ಉಳಿಯುತ್ತದೆ.

• ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುವುದಾದರೆ ಬೇಡ ಅನ್ನಿ. ಅಲ್ಲಿನ ಸೆಕೆ ಮಂಗಳೂರಿನ ಮೇ ತಿಂಗಳಂತೆ. ಬೆವರು ಆರುವುದೇ ಇಲ್ಲ. ಮಧ್ಯಾಹ್ನವಾದರೆ ಗುಡುಗು-ಸಿಡಿಲು, ಅದರ ಮೇಲೆ ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲ. ಸ್ಕೂಲಿನ ರಜೆ ಬಿಟ್ಟು ಬೇರೆ ದಾರಿಯಿಲ್ಲದವರು ಹೋಗಿ, ಯಾರು ಬೇಡ ಅಂದರು. ಆದರೆ ಮಧ್ಯಾಹ್ನ ಹೊರಗೆ ಸುತ್ತುತ್ತೇವೆ ಅನ್ನುವ ಆಸೆ ಬಿಟ್ಟು ಹೋಗಿ.

• ಹಿರಿಯರ ಮೆಡಿಕಲ್ ಇನ್ಶೂರೆನ್ಸ್ ಅವರು ವಿಮಾನ ಹತ್ತುವ ಮೊದಲೇ ಆಗಿರಲಿ. ಅಮೆರಿಕದ ಆಸ್ಪತ್ರೆಯ ಬಿಲ್ಲು ನೋಡಿದರೆ ಇಲ್ಲದ ಬಿ.ಪಿ.ಯೂ ಬರುತ್ತದೆ.

ಗಂಟುಮೂಟೆ

• ಊರಿಂದ ಬರುವವರಿಗೆ ಮೊದಲೇ ಫೋನ್ ಮಾಡಿ ಹೇಳಿ: ಹಸಿ ಕರಿಬೇವು ತರಬೇಡಿ. ಕರಿಬೇವು ಕಿತ್ತಳೆ-ನಿಂಬೆಯ ಕುಟುಂಬದ ಗಿಡ. ಅದರಲ್ಲಿ ಕೂರುವ ಒಂದು ಪುಟ್ಟ ಹುಳು ಕಿತ್ತಳೆ ಮರಕ್ಕೆ ರೋಗ ಹಚ್ಚುತ್ತದೆ. ಫ್ಲಾರಿಡಾದ ಕಿತ್ತಳೆ ತೋಟಗಳು ಆ ರೋಗದಿಂದಲೇ ಸೊರಗಿರುವುದು. ಏರ್‌ಪೋರ್ಟಿನಲ್ಲಿ ಹಿಡಿದರೆ ಸೊಪ್ಪೂ ಹೋಗುತ್ತದೆ, ದಂಡವೂ ಬೀಳಬಹುದು. ಚಟ್ನಿಪುಡಿ, ಸಾರಿನಪುಡಿ ತರಲಿ. ಆದರೆ ತಿನ್ನುವ ಸಾಮಾನು ಇದೆಯಾ ಅಂತ ಕೇಳಿದರೆ ಇದೆ ಅನ್ನಲಿ. ಮುಚ್ಚಿಡಲು ಹೋದರೇ ತೊಂದರೆ.

• ಊರಿನ ಮಿಕ್ಸಿ ಹೊತ್ತು ತರುವುದು ಬೇಡ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಸುಮ್ಮನೆ ಸೂಟ್‌ಕೇಸಿನ ತೂಕ.

• ಕಾಫಿ ಫಿಲ್ಟರ್ ಮಾತ್ರ ಮರೆಯಬೇಡಿ. ಕ್ಯಾಬಿನ್ನಿನಲ್ಲಿ ಕಾಫಿ ಮೆಷಿನ್ ಇರುತ್ತದೆ, ಅದರಲ್ಲಿ ಬರುವುದು ಕಪ್ಪು ನೀರು. ತಾತ ಒಂದು ದಿನ ಕುಡಿದಾರು, ಎರಡನೇ ದಿನ ಮುಖ ಊದಿಸಿಕೊಳ್ಳುತ್ತಾರೆ.

• ಒಂದು ಪ್ಲಾಸ್ಟಿಕ್ ಚೊಂಬು ಇಟ್ಟುಕೊಳ್ಳಿ. ಯಾಕೆಂದು ಬಿಡಿಸಿ ಹೇಳುವುದಿಲ್ಲ, ಹಿರಿಯರಿಗೆ ಗೊತ್ತು.

• ಔಷಧಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಇನ್ಸುಲಿನ್ ಇದ್ದರೆ ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ, ಫ್ಲಾರಿಡಾ ಬಿಸಿಲಿಗೆ ಕೆಡುತ್ತದೆ. ಮಾತ್ರೆಗಳ ಮೂಲ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅಲ್ಲಿನ ಔಷಧಿ ಅಂಗಡಿಯವರಿಗೆ ನಮ್ಮ ಕ್ರೋಸಿನ್ ಗೊತ್ತಿಲ್ಲ, ಪ್ಯಾರಾಸಿಟಮಾಲ್ ಅಂದರೂ ಕೆಲವರು ಕಣ್ಣು ಬಿಡುತ್ತಾರೆ. ಟೈಲೆನಾಲ್ ಅನ್ನಿ, ಥಟ್ಟನೆ ಕೊಡುತ್ತಾರೆ.

• ಫ್ಲಾರಿಡಾ ಸೆಕೆಯೂರು ಅಂತ ಸ್ವೆಟರ್ ಬಿಟ್ಟು ಹೋಗಬೇಡಿ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಶೋ ನಡೆಯುವ ಹಾಲ್‌ಗಳಲ್ಲಿ ಎ.ಸಿ. ಎಷ್ಟಿರುತ್ತದೆಂದರೆ ಬೆವರಿದ ಮೈಯಲ್ಲಿ ಒಳಗೆ ಹೋದ ಅಜ್ಜಿ ಕೆಮ್ಮುತ್ತಾ ಹೊರಗೆ ಬರುತ್ತಾರೆ. ಒಂದು ಶಾಲು ಯಾವಾಗಲೂ ಚೀಲದಲ್ಲಿರಲಿ.

• ಹೊಸ ಬೂಟು ಕೊಡಿಸುವುದಾದರೆ ಒಂದು ತಿಂಗಳು ಮೊದಲೇ ಕೊಡಿಸಿ, ಮನೆ ಸುತ್ತ ಹಾಕಿಕೊಂಡು ನಡೆದು ರೂಢಿಯಾಗಲಿ. ಹಿಂದಿನ ದಿನ ಕೊಡಿಸಿದ ಬೂಟು ಮೊದಲ ಮಧ್ಯಾಹ್ನಕ್ಕೇ ಕಚ್ಚುತ್ತದೆ. ಸೀರೆಗೂ ಬೂಟಿಗೂ ಹೊಂದುವುದಿಲ್ಲ ಅಂತ ಅಜ್ಜಿ ಹಟ ಮಾಡಿದರೆ, ಅಲ್ಲಿ ನಮ್ಮನ್ನು ನೋಡುವವರು ಯಾರಿದ್ದಾರೆ ಅನ್ನಿ.

ಮಲಗುವುದು, ಏಳುವುದು

• ಯಾರು ಎಲ್ಲಿ ಮಲಗಬೇಕು ಅನ್ನುವುದನ್ನು ಹೋದ ತಕ್ಷಣ ತೀರ್ಮಾನ ಮಾಡಿ. ಸಾಮಾನ್ಯವಾಗಿ ಏನಾಗುತ್ತದೆ ಹೇಳುತ್ತೇನೆ. ದೊಡ್ಡವರಿಗೆ ಗೌರವ ಅಂತ ಕೋಣೆಯ ಮಂಚ ಕೊಟ್ಟು, ಮಗ-ಸೊಸೆ ಹಾಲ್‌ನ ಗೋಡೆ ಹಾಸಿಗೆ ಬಿಡಿಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಅಡುಗೆಮನೆ ಇರುವುದೂ ಅದೇ ಹಾಲ್‌ನಲ್ಲಿ. ತಾತ ಊರಿನ ಅಭ್ಯಾಸದಂತೆ ಐದಕ್ಕೇ ಏಳುತ್ತಾರೆ, ಅಜ್ಜಿ ಹಿಂದೆಯೇ ಬರುತ್ತಾರೆ, ದೀಪ ಹಾಕುತ್ತಾರೆ, ಪಾತ್ರೆ ಸದ್ದಾಗುತ್ತದೆ. ರಾತ್ರಿ ಹನ್ನೆರಡಕ್ಕೆ ಪಾರ್ಕಿನಿಂದ ಬಂದು ಮಲಗಿದ ಸೊಸೆ ಮುಸುಕು ಎಳೆದುಕೊಂಡು ಒಳಗೊಳಗೇ ಕುದಿಯುತ್ತಾಳೆ. ಯಾರದೂ ತಪ್ಪಿಲ್ಲ.

• ಅದಕ್ಕೆ ಮದ್ದು ಇದು. ರಾತ್ರಿ ಮಲಗುವ ಮೊದಲೇ ಫಿಲ್ಟರಿಗೆ ಪುಡಿ ಹಾಕಿ ಡಿಕಾಕ್ಷನ್ ಇಳಿಸಿಟ್ಟುಬಿಡಿ. ಹಾಲು ತೆಗೆದುಕೊಳ್ಳಲು ಫ್ರಿಜ್, ಬಿಸಿಗೆ ಮೈಕ್ರೋವೇವ್. ಎರಡು ಲೋಟ, ಸಕ್ಕರೆ, ಚಮಚ ಒಂದು ತಟ್ಟೆಯಲ್ಲಿ ಇಟ್ಟಿರಿ. ಮೈಕ್ರೋವೇವಿನ ಯಾವ ಗುಂಡಿ ಒತ್ತಬೇಕೆಂದು ಹಿಂದಿನ ರಾತ್ರಿಯೇ ಅತ್ತೆಗೆ ತೋರಿಸಿ, ಅದು ಕೂಗುವ ಮೊದಲೇ ಬಾಗಿಲು ತೆಗೆಯುವುದನ್ನೂ ಹೇಳಿಕೊಡಿ. ಆಮೇಲೆ ಇಬ್ಬರೂ ಲೋಟ ಹಿಡಿದು ಹೊರಗಿನ ಜಗಲಿಗೆ ಹೋಗಲಿ. ಬೆಳಗಿನ ಆ ಹೊತ್ತಿಗೆ ಜಿಂಕೆ ಬಂದರೂ ಬರಬಹುದು.

• ಜಿಂಕೆ ಬಂತು, ಅಳಿಲು ಬಂತು ಅಂತ ಚಪಾತಿ ಚೂರು ಎಸೆಯಬೇಡಿ. ನಮಗದು ಪುಣ್ಯ, ಅಲ್ಲಿ ಅದು ತಪ್ಪು. ಮೊಸಳೆ ಜಾತಿಯ ಆಲಿಗೇಟರಿಗೆ ತಿನ್ನಿಸುವುದಂತೂ ಫ್ಲಾರಿಡಾದ ಕಾನೂನಿನಲ್ಲಿ ಅಪರಾಧ. ಅಂದಹಾಗೆ ಅಲ್ಲಿನ ಕೆರೆಯಲ್ಲಿ ಕಾಲು ಇಳಿಬಿಡುವುದು, ಮಕ್ಕಳನ್ನು ದಡದಲ್ಲಿ ನೀರಾಟಕ್ಕೆ ಬಿಡುವುದು ಎರಡೂ ಬೇಡ. ಬೋರ್ಡ್ ಹಾಕಿರುತ್ತಾರೆ, ಓದಿ. ಈಜುಕೊಳ ಬೇರೆ ಇದೆ.

• ಬಚ್ಚಲಿಗೆ ಸರದಿ ಗೊತ್ತು ಮಾಡಿ. ಹಿರಿಯರು ಬೆಳಗಿನ ಜಾವದಲ್ಲೇ ಮುಗಿಸಿಕೊಳ್ಳಲಿ, ಮಕ್ಕಳ ಸ್ನಾನ ರಾತ್ರಿಗೆ ಇಡಿ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಒಟ್ಟಿಗೆ ಬಾಗಿಲು ಬಡಿಯುವುದು ತಪ್ಪುತ್ತದೆ.

• ಸ್ನಾನದ ಜಾಗ ಬಿಟ್ಟು ಹೊರಗೆ ನೀರು ಚೆಲ್ಲದಂತೆ ಹಿರಿಯರಿಗೆ ನಯವಾಗಿ ಹೇಳಿ. ನಮ್ಮ ಬಚ್ಚಲಿನ ಹಾಗೆ ಎಲ್ಲೆಂದರಲ್ಲಿ ಇಳಿಜಾರು, ತೂಬು ಇರುವುದಿಲ್ಲ. ಚೆಲ್ಲಿದ ನೀರು ನಿಲ್ಲುತ್ತದೆ, ಕಾಲು ಜಾರುತ್ತದೆ. ರಾತ್ರಿ ಬಚ್ಚಲ ದೀಪ ಉರಿಯುತ್ತಲೇ ಇರಲಿ. ಈ ಒಂದು ವಿಷಯದಲ್ಲಿ ಕರೆಂಟ್ ಉಳಿತಾಯ ಮಾಡಬೇಡಿ.

• ಬಂಕ್ ಮಂಚದ ಮೇಲಿನದು ಯಾರಿಗೆ ಅನ್ನುವ ಜಗಳಕ್ಕೆ ದಿನ ಬಿಟ್ಟು ದಿನ ಅನ್ನಿ. ತೀರಾ ಚಿಕ್ಕವರನ್ನು ಮೇಲೆ ಮಲಗಿಸಲೇಬೇಡಿ.

ಒಲೆಯ ಹತ್ತಿರ

• ಅಡುಗೆಮನೆ ಇದೆ ಅಂತ ಮೂರು ಹೊತ್ತೂ ಅಡುಗೆ ಮಾಡಲು ನಿಲ್ಲಬೇಡಿ. ಹಾಗೆ ಮಾಡಿದರೆ ರಜೆ ಯಾರಿಗೆ? ಬೆಳಗಿನ ತಿಂಡಿ ಮತ್ತು ರಾತ್ರಿಯ ಅನ್ನ-ಸಾರು ಕ್ಯಾಬಿನ್ನಿನಲ್ಲಿ, ಮಧ್ಯಾಹ್ನದ್ದು ಕಟ್ಟಿಕೊಂಡ ಬುತ್ತಿ. ಬೆಳಿಗ್ಗೆ ಅವಲಕ್ಕಿ, ಉಪ್ಪಿಟ್ಟು, ಬ್ರೆಡ್ಡು, ಇವುಗಳಾಚೆ ಯೋಚನೆಯೇ ಬೇಡ.

• ಒಗ್ಗರಣೆಯ ವಿಷಯ ಗಮನವಿಟ್ಟು ಕೇಳಿ. ಎಣ್ಣೆ ಹೊಗೆಯಾಡುವ ತನಕ ಕಾಯಿಸಿ ಒಣಮೆಣಸಿನಕಾಯಿ, ಇಂಗು ಹಾಕಿದಿರೋ, ಚಾವಣಿಯ ಹೊಗೆ ಅಲಾರಂ ಕಿರುಚಿಕೊಳ್ಳಲು ಶುರು. ಮಗು ಎದ್ದು ಅಳುತ್ತದೆ, ಅಜ್ಜಿ ಏನು ಅನಾಹುತ ಮಾಡಿದೆನೋ ಅಂತ ನಡುಗುತ್ತಾರೆ. ಮನೆಯಿಂದ ಹೊರಡುವಾಗಲೇ ಸಾಸಿವೆ, ಇಂಗು, ಮೆಣಸಿನಕಾಯಿ ಎಲ್ಲ ಹಾಕಿ ಒಗ್ಗರಣೆ ಮಾಡಿ, ಆರಿಸಿ, ಸಣ್ಣ ಡಬ್ಬಿಗೆ ತುಂಬಿಕೊಳ್ಳಿ. ಬಿಸಿ ಸಾರಿಗೆ ಒಂದು ಚಮಚ ಹಾಕಿದರೆ ಘಮ ಬರುತ್ತದೆ. ಅಲ್ಲೇ ಮಾಡಬೇಕೆಂದರೆ ಸಣ್ಣ ಉರಿ, ಫ್ಯಾನ್ ಹಾಕಿ, ಬಾಗಿಲು ತೆರೆದು ಮಾಡಿ. ಅಲಾರಂಗೆ ಬಟ್ಟೆ ಕಟ್ಟುವ ಬುದ್ಧಿವಂತಿಕೆ ಮಾತ್ರ ಯಾರೂ ಮಾಡಬೇಡಿ; ಅದಿರುವುದು ನಿಮ್ಮ ಮಕ್ಕಳ ಜೀವ ಕಾಯಲಿಕ್ಕೆ.

• ಗ್ಯಾಸ್ ಒಲೆ ಅಲ್ಲ, ಕರೆಂಟಿನದು. ತಳ ಚಪ್ಪಟೆ ಇರುವ ಪಾತ್ರೆ ಬೇಕು, ನಮ್ಮ ದುಂಡನೆಯ ಬಾಣಲೆ ಕೂರುವುದಿಲ್ಲ. ಫುಲ್ಕವನ್ನು ಬೆಂಕಿಗೆ ಹಿಡಿದು ಉಬ್ಬಿಸುವ ಆಸೆಯನ್ನೂ ಬಿಡಿ. ಚಪಾತಿಯನ್ನು ಮನೆಯಲ್ಲೇ ಅರ್ಧ ಬೇಯಿಸಿ ತಂದಿಟ್ಟುಕೊಂಡರೆ ಸಲೀಸು.

• ಅನ್ನಕ್ಕೆ ಒಂದು ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಕಾರಿನಲ್ಲಿ ಹಾಕಿಕೊಳ್ಳಿ. ವಿಮಾನದಲ್ಲಿ ಬರುವವರು ಬೇಕಾದರೆ ಪಾತ್ರೆಯಲ್ಲೇ ಬಸಿಯಿರಿ, ನಮ್ಮಮ್ಮಂದಿರು ಮಾಡುತ್ತಿರಲಿಲ್ಲವೇ.

• ದಿನಸಿಯನ್ನು ರೆಸಾರ್ಟಿನ ಒಳಗಿನ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ. ಮರೆತ ಉಪ್ಪಿಗೆ, ಹಾಲಿಗೆ ಸರಿ, ವಾರದ ಸಾಮಾನಿಗೆ ಅಲ್ಲ. ದಾರಿಯಲ್ಲೇ ಪಬ್ಲಿಕ್ಸ್ ಅಂಗಡಿಗೆ ಹೋಗಿ ಹಾಲು, ಮೊಸರು, ತರಕಾರಿ ಹಾಕಿಕೊಂಡು ಬನ್ನಿ. ಒರ್ಲ್ಯಾಂಡೊ ಊರಿನಲ್ಲಿ ಇಂಡಿಯನ್ ಅಂಗಡಿಗಳೂ ಇವೆ, ಕೊತ್ತಂಬರಿ-ಕರಿಬೇವಿಗೆ ಅಲ್ಲಿಗೆ ಹೋಗಿ.

• ಪಾರ್ಕಿನೊಳಗೆ ಮನೆಯ ತಿಂಡಿ ತೆಗೆದುಕೊಂಡು ಹೋಗಲು ಬಿಡುತ್ತಾರೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಹೋಗಿ ಹದಿನೈದು ಡಾಲರಿನ ಒಣ ಬರ್ಗರ್ ತಿಂದು ಬರುತ್ತಾರೆ. ಪುಳಿಯೋಗರೆ, ಚಪಾತಿ-ಪಲ್ಯ ಡಬ್ಬಿ ಕಟ್ಟಿಕೊಳ್ಳಿ. ಗಾಜಿನ ಸೀಸೆ ಮಾತ್ರ ಒಳಗೆ ಬಿಡುವುದಿಲ್ಲ, ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿ. ಬಿಸಿ ಮಾಡಿಕೊಡಿ ಅಂತ ಅಲ್ಲಿ ಕೇಳಿದರೆ ಮಾಡಿಕೊಡುವುದಿಲ್ಲ. ಸೆಕೆಯ ದಿನ ಮೊಸರನ್ನವನ್ನು ಐಸ್ ಪ್ಯಾಕ್ ಜೊತೆ ಇಡಿ, ಇಲ್ಲವೇ ಹುಳಿಯಾಗುತ್ತದೆ.

• ನೀರಿನ ಬಾಟಲಿ ಕೊಳ್ಳಬೇಡಿ. ತಿಂಡಿ ಕೌಂಟರುಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಬಿಟ್ಟಿಯಾಗಿ ಕೊಡುತ್ತಾರೆ. ತಾತನಿಗೆ ಐಸ್ ಬೇಡ ಅನ್ನಿ.

• ಸಿಹಿ ಚೆಲ್ಲಿದರೆ ಆಗಲೇ ಒರೆಸಿ, ಡಬ್ಬಿಗಳ ಮುಚ್ಚಳ ಭದ್ರವಾಗಿರಲಿ. ಕಾಡಿನ ಮಧ್ಯೆ ಇದ್ದೀರಿ, ಇರುವೆಗೆ ನೀವು ಬಂದ ಸುದ್ದಿ ಬೇಗ ಮುಟ್ಟುತ್ತದೆ.

ಓಡಾಟ

• ನಿಮ್ಮ ಕಾರನ್ನು ಕ್ಯಾಬಿನ್ನಿನ ಮುಂದೆ ನಿಲ್ಲಿಸಬಹುದು, ಹೊರಗೆ ಹೋಗಿ ಬರಬಹುದು. ಆದರೆ ಈಜುಕೊಳಕ್ಕೆ, ಅಂಗಡಿಗೆ ಅಂತ ರೆಸಾರ್ಟಿನ ಒಳಗೇ ಕಾರಿನಲ್ಲಿ ಸುತ್ತುವಂತಿಲ್ಲ. ಒಳಗಿನ ಬಸ್ಸು ಇದೆ, ಗಾಲ್ಫ್ ಕಾರ್ಟ್ ಬಾಡಿಗೆಗೆ ಸಿಗುತ್ತದೆ.

• ಮಂಡಿನೋವಿನವರು ಜೊತೆಗಿದ್ದರೆ ಗಾಲ್ಫ್ ಕಾರ್ಟ್ ತೆಗೆದುಕೊಳ್ಳಿ, ಅದೂ ಮುಂಚಿತವಾಗಿ ಹೇಳಿಟ್ಟು. ಹೋಗಿ ಕೇಳಿದರೆ ಮುಗಿದಿರುತ್ತದೆ. ಬಾಡಿಗೆ ಕಮ್ಮಿಯೇನಲ್ಲ, ಆದರೆ ಅಜ್ಜಿ ಬಸ್ಸಿಗೆ ಕಾಯುತ್ತಾ ನಿಲ್ಲುವುದು ತಪ್ಪುತ್ತದೆ. ಸಂಜೆ ಸುಮ್ಮನೆ ಒಂದು ಸುತ್ತು ಹೋಗಿ ಬರುವುದೇ ಹಿರಿಯರಿಗೆ ದೊಡ್ಡ ಖುಷಿ. ಓಡಿಸುವವರಿಗೆ ಹದಿನಾರು ತುಂಬಿರಬೇಕು, ಲೈಸೆನ್ಸ್ ಇರಬೇಕು. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಕೊಡುವ ಮುದ್ದು ಬೇಡ.

• ಕಾರ್ಟ್ ಹತ್ತಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿ. ಪಕ್ಕ ತೆರೆದೇ ಇರುತ್ತದೆ, ಗಾಳಿಗೆ ಸೆರಗು ಹಾರಿ ಚಕ್ರದ ಕಡೆಗೇ ಹೋಗುತ್ತದೆ. ರಾತ್ರಿ ಕಾರ್ಟನ್ನು ಚಾರ್ಜಿಗೆ ಹಾಕಿ ಮಲಗಿ, ಬೆಳಿಗ್ಗೆ ದಾರಿಮಧ್ಯೆ ನಿಂತರೆ ತಳ್ಳುವವರು ನೀವೇ.

• ಕ್ಯಾಬಿನ್‌ಗಳೆಲ್ಲ ಒಂದೇ ಥರ ಕಾಣುತ್ತವೆ. ನಿಮ್ಮದರ ಕಂಬಿಗೆ ಬಣ್ಣದ ಟವೆಲ್ಲೋ ಶಾಲೋ ಕಟ್ಟಿಬಿಡಿ. ಕ್ಯಾಬಿನ್ ಇರುವ ರಸ್ತೆಯ (ಲೂಪ್) ನಂಬರು, ಕ್ಯಾಬಿನ್ ನಂಬರು, ಮಗನ ಫೋನ್ ನಂಬರು ಮೂರನ್ನೂ ದೊಡ್ಡಕ್ಷರದಲ್ಲಿ ಬರೆದು ಹಿರಿಯರ ಜೇಬಿನಲ್ಲಿಡಿ. ಎಲ್ಲ ಫೋನಿನಲ್ಲಿದೆ ಅನ್ನಬೇಡಿ. ಫೋನಿನ ಚಾರ್ಜು ಮಧ್ಯಾಹ್ನಕ್ಕೇ ಮುಗಿಯುತ್ತದೆ.

• ಮ್ಯಾಜಿಕ್ ಕಿಂಗ್‌ಡಮ್‌ಗೆ ದೋಣಿಯಲ್ಲೇ ಹೋಗಿ. ಕಾರಿನಲ್ಲಿ ಹೋದರೆ ದೂರದಲ್ಲೆಲ್ಲೋ ನಿಲ್ಲಿಸಿ, ಮತ್ತೆ ಮಾನೋರೈಲೋ ಫೆರಿಯೋ ಹಿಡಿಯಬೇಕು. ಫೋರ್ಟ್ ವೈಲ್ಡರ್‌ನೆಸ್‌ನ ದೋಣಿ ಕೆರೆ ದಾಟಿಸಿ ಪಾರ್ಕಿನ ಬಾಗಿಲ ಹತ್ತಿರವೇ ಇಳಿಸುತ್ತದೆ, ದುಡ್ಡಿಲ್ಲ. ಸಿಡಿಲು ಬಂದರೆ ದೋಣಿ ನಿಲ್ಲಿಸುತ್ತಾರೆ, ಆಗ ಬಸ್ಸು.

• ಉಳಿದ ಮೂರು ಪಾರ್ಕಿಗೆ ಸ್ವಂತ ಕಾರೇ ವಾಸಿ. ಬಸ್ಸಿಗಾದರೆ ಸಾಮಾನ್ಯವಾಗಿ ಒಳಗಿನ ಬಸ್ಸು ಹಿಡಿದು ಡಿಪೋಗೆ ಹೋಗಿ ಅಲ್ಲಿಂದ ಇನ್ನೊಂದು ಹಿಡಿಯಬೇಕು. ರೆಸಾರ್ಟಿನಲ್ಲಿ ಉಳಿದವರಿಗೆ ಪಾರ್ಕಿನ ಪಾರ್ಕಿಂಗ್ ಉಚಿತ, ಆ ಸೌಲಭ್ಯ ಬಿಡಬೇಡಿ.

ಪಾರ್ಕಿನ ಒಳಗೆ

• ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ವಾಪಸ್ ಬನ್ನಿ. ಡಿಸ್ನಿಯ ರೆಸಾರ್ಟಿನಲ್ಲಿ ಇರುವವರನ್ನು ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತಾರೆ. ಬುತ್ತಿ ಉಂಡು ಹನ್ನೆರಡೂವರೆಗೆ ಹೊರಟು, ಕ್ಯಾಬಿನ್ನಿನಲ್ಲಿ ಎಲ್ಲರೂ ಒಂದು ನಿದ್ದೆ ಮಾಡಿ. ಬೇಕಿದ್ದವರು ಸಂಜೆ ಮತ್ತೆ ಹೋಗಲಿ. "ಅಷ್ಟು ದುಡ್ಡು ಕೊಟ್ಟಿದ್ದೇವೆ, ರಾತ್ರಿವರೆಗೆ ಇರಲೇಬೇಕು" ಅಂತ ಮಗುವನ್ನು, ಮುದುಕರನ್ನು ಬಿಸಿಲಲ್ಲಿ ಎಳೆದಾಡಿದರೆ ಆ ದುಡ್ಡು ದಕ್ಕಿದ ಹಾಗಲ್ಲ.

• ವೀಲ್‌ಚೇರ್ ಬಾಡಿಗೆಗೆ ಗೇಟಿನ ಹತ್ತಿರವೇ ಸಿಗುತ್ತದೆ. "ನನಗೇನಾಗಿದೆ, ನಾನು ನಡೀತೀನಿ" ಅಂತ ಅಜ್ಜಿ ಹೇಳೇ ಹೇಳುತ್ತಾರೆ. ವಾದ ಮಾಡಬೇಡಿ. ಚೀಲ ಇಟ್ಟುಕೊಳ್ಳಲಿಕ್ಕೆ ಅಂತ ಹೇಳಿ ತೆಗೆದುಕೊಳ್ಳಿ. ಹತ್ತೂವರೆ ಹೊತ್ತಿಗೆ ಚೀಲ ನಿಮ್ಮ ಹೆಗಲಿಗೆ ಬಂದಿರುತ್ತದೆ, ಅಜ್ಜಿ ಕುರ್ಚಿಯಲ್ಲಿರುತ್ತಾರೆ.

• ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆಯಿರಿ. ಸ್ಪೇಸ್ ಮೌಂಟನ್ ರೈಡ್‌ಗೆ 44 ಇಂಚು, ಟ್ರಾನ್ ರೈಡ್‌ಗೆ 48 ಇರಬೇಕು. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಬಾಗಿಲಲ್ಲಿ ವಾಪಸ್ ಕಳಿಸಿದರೆ ಮಗುವಿನ ಅಳು ನಿಲ್ಲಿಸುವವರು ಯಾರು?

• ಚಿಕ್ಕ ಮಗು ಇದೆ ಅಂತ ಗಂಡ-ಹೆಂಡತಿ ಇಬ್ಬರಲ್ಲೊಬ್ಬರು ಆಸೆ ಬಿಡಬೇಕಿಲ್ಲ. ರೈಡರ್ ಸ್ವಿಚ್ ಅಂತ ಕೇಳಿ. ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರನ್ನು ಮತ್ತೆ ಪೂರ್ತಿ ಸಾಲು ನಿಲ್ಲಿಸದೆ ಬಿಡುತ್ತಾರೆ. ಪ್ರತಿ ಸಲವೂ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಇಬ್ಬರೂ ಓಡಬೇಡಿ. ಅಜ್ಜಿ ಬೇಡ ಅನ್ನುವುದಿಲ್ಲ, ಅನ್ನುವುದಿಲ್ಲವೆಂದೇ ನೀವು ನೋಡಿಕೊಳ್ಳಬೇಕು. ರಾತ್ರಿಯೂ ಅಷ್ಟೇ. ಅವರನ್ನು ಕರೆತಂದದ್ದು ರಜೆಗೆ, ಮಗು ಕಾಯುವುದಕ್ಕಲ್ಲ.

• ರೈತ ಕುಟುಂಬದ ಹಿರಿಯರಿದ್ದರೆ ಎಪ್ಕಾಟ್‌ನಲ್ಲಿ ಲಿವಿಂಗ್ ವಿತ್ ದಿ ಲ್ಯಾಂಡ್‌ಗೆ ಕರೆದುಕೊಂಡು ಹೋಗಿ. ದೋಣಿಯಲ್ಲಿ ಕೂತು ಗಾಜಿನಮನೆಗಳ ಒಳಗೆ ಹೋಗುತ್ತೀರಿ. ಮಣ್ಣೇ ಇಲ್ಲದೆ ನೀರಿನಲ್ಲಿ ಬೇರು ಬಿಟ್ಟ ಗಿಡಗಳು, ಮೇಲಿನಿಂದ ಇಳಿಬಿದ್ದ ಕಾಯಿಗಳು. ಮಿಕ್ಕಿಯ ಮುಂದೆ ಆಕಳಿಸುತ್ತಿದ್ದ ಮಲೆನಾಡಿನ ತಾತ ಇಲ್ಲಿ ಎದ್ದು ಕೂರುತ್ತಾರೆ, ಎರಡನೇ ಸಲ ಹೋಗೋಣ ಅನ್ನುತ್ತಾರೆ. ಹೋಗಿ.

• ರೈಲ್ವೆಯಲ್ಲಿ ದುಡಿದವರಿದ್ದರೆ ಮ್ಯಾಜಿಕ್ ಕಿಂಗ್‌ಡಮ್ ಸುತ್ತುವ ರೈಲು ತೋರಿಸಿ. ಆಟಿಕೆಯಲ್ಲ, ನಿಜವಾದ ಉಗಿ ಎಂಜಿನ್‌ಗಳು. 1916ರಿಂದ 1928ರ ನಡುವೆ ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ತಯಾರಾಗಿ, ಮೆಕ್ಸಿಕೊದ ಯುಕಟಾನ್‌ನಲ್ಲಿ ದುಡಿದು ಬಂದವು. ಓಡುತ್ತಿದೆಯೇ ಅಂತ ಆ ದಿನ ಬೆಳಿಗ್ಗೆ ನೋಡಿಕೊಳ್ಳಿ, ಹೊಸ ಕಟ್ಟಡದ ಕೆಲಸವಿದ್ದಾಗ ನಿಲ್ಲಿಸುತ್ತಾರೆ. 2018ರ ಕೊನೆಯಲ್ಲಿ ನಿಲ್ಲಿಸಿದವರು ನಾಲ್ಕು ವರ್ಷ ಬಿಟ್ಟು ಓಡಿಸಿದರು.

• ಬೆನ್ನುನೋವು, ಹೃದಯದ ತೊಂದರೆ ಇರುವವರನ್ನು "ಏನೂ ಆಗಲ್ಲ ಬಾ ಅಪ್ಪಾ" ಅಂತ ಎಳೆಯಬೇಡಿ. ಅನಿಮಲ್ ಕಿಂಗ್‌ಡಮ್‌ನ ಸಫಾರಿ ಲಾರಿಯೇ ಸಾಕಷ್ಟು ಕುಲುಕುತ್ತದೆ.

• ಹಿರಿಯರ ಮುಂದೆ ಬೆಲೆ ಹೇಳಬೇಡಿ. ಒಂದು ಐಸ್‌ಕ್ರೀಮಿಗೆ ಎಷ್ಟಾಯಿತು ಅಂದ ಕೂಡಲೇ ಅವರ ತಲೆಯಲ್ಲಿ ರೂಪಾಯಿಯ ಲೆಕ್ಕ ಓಡುತ್ತದೆ, ಆಮೇಲೆ ಏನು ಕೊಡಿಸಿದರೂ ಗಂಟಲಲ್ಲಿ ಇಳಿಯುವುದಿಲ್ಲ. ಹಿರಿಯರಿಗೂ ಒಂದು ಮಾತು. ಮಕ್ಕಳು ಆಸೆಯಿಂದ ಕೊಡಿಸಿದ್ದನ್ನು ಸುಮ್ಮನೆ ತಿನ್ನಿ.

ಟಿಕೆಟ್ಟಿಲ್ಲದ ಸಂಜೆ

• ಮ್ಯಾಜಿಕ್ ಕಿಂಗ್‌ಡಮ್‌ನ ಬಾಣಬಿರುಸು ನೋಡಲು ಪಾರ್ಕಿನ ನೂಕುನುಗ್ಗಲಲ್ಲಿ ನಿಲ್ಲಲೇಬೇಕೆಂದಿಲ್ಲ. ಫೋರ್ಟ್ ವೈಲ್ಡರ್‌ನೆಸ್‌ನ ದೋಣಿ ಕಟ್ಟೆಯ ಪಕ್ಕ ಮರಳಿನ ದಡವಿದೆ, ಅಲ್ಲಿಂದ ಕೆರೆಯಾಚೆಗೆ ಕಾಣುತ್ತದೆ. ಅಜ್ಜಿ-ತಾತನನ್ನು ಶಾಲು ಹೊದಿಸಿ ಅಲ್ಲಿ ಕೂರಿಸಿ. ಬೆಳಕಿನ ದೋಣಿಗಳ ಮೆರವಣಿಗೆಯೂ ರಾತ್ರಿ ಆ ಕೆರೆಯಲ್ಲಿ ಹೋಗುತ್ತದೆ, 1971ರಿಂದ ನಡೆದುಬಂದದ್ದು. ಇದ್ದರೆ ಅದನ್ನೂ ನೋಡಿ. ಪಾರ್ಕಿಗೇ ಹೋದವರು ಬಾಣಬಿರುಸು ಮುಗಿಯುವುದಕ್ಕೆ ಸ್ವಲ್ಪ ಮೊದಲೇ ಹೊರಡಿ, ಮುಗಿದ ಮೇಲೆ ದೋಣಿಯ ಸಾಲು ನೋಡಲಾಗುವುದಿಲ್ಲ.

• ಚಿಪ್ ಮತ್ತು ಡೇಲ್ ಅನ್ನುವ ಅಳಿಲು ಜೋಡಿ ಬರುವ ಕ್ಯಾಂಪ್‌ಫೈರ್ ಹಾಡು, ಬಯಲಿನ ಸಿನಿಮಾ, ಎರಡೂ ಬಿಟ್ಟಿ. ಅಲ್ಲಿ ಮಕ್ಕಳು ಬೆಂಕಿಗೆ ಹಿಡಿದು ಸುಡುವ ಮಾರ್ಷ್‌ಮೆಲೊ ಸಸ್ಯಾಹಾರವಲ್ಲ, ಗಮನವಿರಲಿ. ಪ್ರಾಣಿಯಿಂದ ತೆಗೆದ ಜೆಲಟಿನ್ ಹಾಕಿರುತ್ತಾರೆ. ಡ್ಯಾಂಡೀಸ್ ಅಂತ ಜೆಲಟಿನ್ ಇಲ್ಲದ್ದು ಅಂಗಡಿಯಲ್ಲಿ ಸಿಗುತ್ತದೆ, ಒಂದು ಪೊಟ್ಟಣ ಕೊಂಡಿಟ್ಟುಕೊಳ್ಳಿ. ಅಲ್ಲಿ ಹೋದ ಮೇಲೆ ಮಗುವಿನ ಕೈಯಿಂದ ಕಿತ್ತುಕೊಳ್ಳುವುದು ಚೆನ್ನಾಗಿರುವುದಿಲ್ಲ.

• ಬೆಳಗಿನ ಹೊತ್ತು ರೆಸಾರ್ಟಿನ ಲಾಯಕ್ಕೆ ಹೋಗಿ ಕುದುರೆ ನೋಡಿ ಬನ್ನಿ. ಅಜ್ಜಿ-ಮೊಮ್ಮಗುವಿಗೆ ಒಂದು ಗಂಟೆ ಕಳೆಯುತ್ತದೆ, ಸೊಸೆಗೆ ಒಂದು ಗಂಟೆ ಸಿಗುತ್ತದೆ.

• ಹೂಪ್-ಡೀ-ಡೂ ಅಂತ ಒಂದು ಹಾಡು-ಊಟದ ಕಾರ್ಯಕ್ರಮವಿದೆ, 1974ರಿಂದ ನಡೆಯುತ್ತಿದೆ. ಇಂಗ್ಲಿಷ್ ತಮಾಷೆ, ಗದ್ದಲ, ಕೋಳಿ, ಮಾಂಸ. ಸಸ್ಯಾಹಾರದ ತಟ್ಟೆ ಕೇಳಿದರೆ ಕೊಡುತ್ತಾರೆ, ಆದರೂ ಊರಿನ ಹಿರಿಯರಿಗೆ ಇದು ಹಿಡಿಸುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ದುಡ್ಡಿನಲ್ಲಿ ಸನಾ ಹೋಟೆಲಿಗೆ ಕರೆದುಕೊಂಡು ಹೋಗಿ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿದೆ, ಪಾರ್ಕಿನ ಟಿಕೆಟ್ ಬೇಡ. ನಾನ್, ಬಗೆಬಗೆಯ ಚಟ್ನಿ ಕೊಡುತ್ತಾರೆ, ಕಿಟಕಿಯಾಚೆ ಜಿರಾಫೆ ಓಡಾಡುತ್ತಿರುತ್ತದೆ. 60 ದಿನ ಮೊದಲೇ ಜಾಗ ಕಾದಿರಿಸಬಹುದು. ಬೆಳಕಿರುವಾಗಿನ ಹೊತ್ತನ್ನೇ ಹಿಡಿಯಿರಿ, ಕತ್ತಲಾದ ಮೇಲೆ ಜಿರಾಫೆ ಕಾಣುವುದಿಲ್ಲ.

ಹೊರಡುವ ದಿನ

• ಬಂದ ದಿನ ನಾಲ್ಕು ಗಂಟೆಗೆ ಕ್ಯಾಬಿನ್ ಕೊಡುತ್ತಾರೆ, ಹೋಗುವ ದಿನ ಹನ್ನೊಂದಕ್ಕೆ ಬಿಡಬೇಕು. ಆರು ಜನ, ಒಂದು ಬಚ್ಚಲು ಅನ್ನುವುದನ್ನು ನೆನಪಿಟ್ಟುಕೊಂಡು ಹಿಂದಿನ ರಾತ್ರಿಯೇ ಪೆಟ್ಟಿಗೆ ಕಟ್ಟಿ.

• ಉಳಿದ ಅನ್ನಕ್ಕೆ ಮೊಸರು ಕಲಸಿ ದಾರಿಗೆ ಇಟ್ಟುಕೊಳ್ಳಿ. ತೆರೆಯದ ಹಾಲು, ಹಣ್ಣು ಕಸಕ್ಕೆ ಹಾಕಬೇಡಿ, ಕಾರಿನಲ್ಲಿ ಜಾಗ ಮಾಡಿ.

• ಕೊನೆಗೆ ಒಬ್ಬರು, ಗಡಿಬಿಡಿ ಇಲ್ಲದವರು ಯಾರಾದರೂ ಒಬ್ಬರು, ಒಳಗೆ ಹೋಗಿ ಒಂದು ಸುತ್ತು ನೋಡಿ ಬನ್ನಿ. ದಿಂಬಿನ ಕೆಳಗೆ ಕನ್ನಡಕ, ಬಚ್ಚಲಲ್ಲಿ ಹಲ್ಲಿನ ಸೆಟ್ಟು, ಗೋಡೆಗೆ ಸಿಕ್ಕಿಸಿದ ಕಿವಿಯಂತ್ರದ ಚಾರ್ಜರ್, ಮೇಲಿನ ಬಂಕಿನಲ್ಲಿ ಮಗುವಿನ ಕರಡಿ. ಫ್ರಿಜ್ ಬಾಗಿಲು ತೆಗೆದು ಇನ್ಸುಲಿನ್ ಎತ್ತಿಕೊಂಡಿರಾ ನೋಡಿ. ಕಾಫಿ ಫಿಲ್ಟರ್ ಸಿಂಕಿನ ಪಕ್ಕ ಬೋರಲು ಹಾಕಿರುತ್ತೀರಿ, ಅದನ್ನೂ ತೆಗೆದುಕೊಳ್ಳಿ.